ಬಾನೆಟ್ಟಿನ ಮೇಲೊಂದು ಬೂದು ಮಚ್ಚೆ

ಇನ್ನೂ ಮುಖ ತೋರಿಸದ ಅಳಿಯನಿಗೋ ಸೊಸೆಗೋ, ಯಾರು ಬರುತ್ತೀರೋ ಅವರಿಗೆ,

ನಿನ್ನ ಸೋದರಮಾವ ಬರೆಯುವುದು. ಮಾವ ಅಂದರೆ ಅಂಥಿಂಥವನಲ್ಲ, ಇದು ನಿನಗೆ ಮೊದಲೇ ಗೊತ್ತಿರಲಿ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವನು. ಮೇಷ್ಟ್ರ ಸೈಕಲ್ಲಿನ ಗಾಳಿ ಬಿಟ್ಟು, ಅದನ್ನು ತಳ್ಳಿಕೊಂಡು ಹೋಗಲು ನಾನೇ ಸಹಾಯ ಮಾಡಿ, ಅವರಿಂದ ಶಹಭಾಸ್ ಅನ್ನಿಸಿಕೊಂಡವನು. ಈ ಊರಿನ ಅರ್ಧ ಮನೆಗಳ ಗೇಟು, ಕಿಟಕಿಯ ಗ್ರಿಲ್ಲು ನನ್ನ ಕೈಯಲ್ಲಿ ಬೆಸುಗೆಯಾದವು. ಉಳಿದರ್ಧ ಮನೆಯವರಿಗೆ ಕಳ್ಳರ ಭಯವಿಲ್ಲ, ಅಷ್ಟೆ. ಇಂಥ ನಾನು ಈಗ ನಿಮ್ಮ ಮನೆಯ ಕಾರಿನ ಶೆಡ್ಡಿನಲ್ಲಿ ಬಕೀಟು ಬೋರಲು ಹಾಕಿಕೊಂಡು ಕೂತಿದ್ದೇನೆ. ಶೆಡ್ಡಿನಲ್ಲಿ ಕಾರಿಲ್ಲ. ಬೆಳಿಗ್ಗೆ ನಿನ್ನಪ್ಪ ಅದರಲ್ಲಿ ನಿನ್ನಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾಳೆ ಡಾಕ್ಟರು ನಿನ್ನನ್ನು ಹೊರಗೆ ತೆಗೆಯುತ್ತಾರಂತೆ. ಅಕ್ಷರ ಸೊಟ್ಟಗಿದ್ದರೆ ಅದು ತೊಡೆಯ ಮೇಲೆ ಕಾಗದ ಇಟ್ಟು ಬರೆದದ್ದಕ್ಕೆ, ವಿದ್ಯೆ ಕಡಿಮೆಯಾಗಿ ಅಲ್ಲ.

ನಿನಗಿಂತ ಮೊದಲು ಒಬ್ಬರು ಬರಬೇಕಿತ್ತು. ಬರಲಿಲ್ಲ. ಇನ್ನೇನು ಬಂದೇಬಿಟ್ಟಿತು ಅನ್ನುವ ದಿನಗಳಲ್ಲಿ ಒಳಗೇ ಸುಮ್ಮನಾಗಿಬಿಟ್ಟಿತು. ಆಗ ಈ ಮನೆಯಲ್ಲಿ ತೊಟ್ಟಿಲಿತ್ತು, ಟೊಪ್ಪಿಗೆಗಳಿದ್ದವು, ಗೋಡೆಗೆ ಹಳದಿ ಬಣ್ಣ ಬಂದಿತ್ತು. ನಾನಂತೂ ಬೀದಿಗೆಲ್ಲ ಡಂಗುರ ಹೊಡೆದಿದ್ದೆ. ಆಮೇಲೆ ಹಾಲಿನವನು, ಇಸ್ತ್ರಿಯವನು, ಮೂಲೆ ಅಂಗಡಿಯ ಅಜ್ಜಿ, ಒಬ್ಬೊಬ್ಬರೂ “ಏನಪ್ಪಾ, ಗಂಡೋ ಹೆಣ್ಣೋ?” ಎಂದು ನಗುತ್ತ ಕೇಳುವರು. ಅವರ ನಗು ಇಳಿಯುವುದನ್ನು ಎದುರಿಗೆ ನಿಂತು ನೋಡಿದವನು ನಾನು.

ಆದ್ದರಿಂದ ಈ ಸಲ ಯಾರೂ ಏನೂ ಸಿದ್ಧಮಾಡಲಿಲ್ಲ. ಒಂದು ಅಂಗಿ ತರಲಿಲ್ಲ. ‘ಮಗು’ ಎಂಬ ಮಾತೇ ಮನೆಯಲ್ಲಿಲ್ಲ. ಅಕ್ಕ ನಿನ್ನನ್ನು ‘ಇದು’ ಅನ್ನುತ್ತಾಳೆ. ಭಾವ ಏನೇ ಕೆಲಸ ಬಂದರೂ ‘ಅದಾದ ಮೇಲೆ ನೋಡೋಣ’ ಅನ್ನುತ್ತಾರೆ. ನಿನಗೆ ಬೇಜಾರಾಗಬಾರದು. ಬೇಡವೆಂದು ಸುಮ್ಮನಿದ್ದವರಲ್ಲ, ಬೇಕೆಂದೇ ಉಸಿರು ಬಿಗಿಹಿಡಿದವರು.

ಅಕ್ಕ ಹಾಸಿಗೆ ಬಿಟ್ಟು ಏಳಕೂಡದು ಎಂದು ಡಾಕ್ಟರು ಹೇಳಿದ ಮೇಲೆ ನಾನು ವರ್ಕ್‌ಶಾಪಿಗೆ ರಜೆ ಹಾಕಿ ಇಲ್ಲಿಗೆ ಬಂದೆ. ಅಡುಗೆ ಮಾಡಿದೆ; ಅಕ್ಕ ಅದನ್ನು ತಿಂದು ಇನ್ನೂ ಬದುಕಿದ್ದಾಳೆ, ಅಷ್ಟು ಚೆನ್ನಾಗಿ ಮಾಡಿದೆ. ಆದರೆ ಸುಮ್ಮನೆ ಕೂತರೆ ನನ್ನ ಕೈ ನವೆಯಾಗುತ್ತದೆ. ತೊಟ್ಟಿಲು ಮಾಡುವಂತಿಲ್ಲ, ಗೋಡೆ ಮುಟ್ಟುವಂತಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಕಾರು.

ಕಡುನೀಲಿ ಕಾರು. ಬಿಸಿಲಿಗೆ ನಿಲ್ಲಿಸಿದರೆ ಮೈಯೆಲ್ಲ ಜೇಡರ ಬಲೆ ಹಾಸಿದ ಹಾಗೆ ಸುತ್ತುಸುತ್ತು ಗೀರು. ನಿನ್ನಪ್ಪನದು ಕನ್ನಡಕದಂಗಡಿ. ಗಿರಾಕಿಯ ಕನ್ನಡಕವನ್ನು ರೇಷ್ಮೆಯಂಥ ಬಟ್ಟೆಯಲ್ಲಿ ಊದಿ ಊದಿ ಒರೆಸುವ ಮನುಷ್ಯ, ಕಾರನ್ನು ಮಾತ್ರ ಧೂಳಿನ ಸಮೇತ ಹಳೇ ಬನೀನಿನಲ್ಲಿ ಗುಂಡಗೆ ಉಜ್ಜುತ್ತಿದ್ದರು. ಬಾಗಿಲ ಮೇಲೆ ಯಾರೋ ಚೀಲದ ಕೊಂಡಿ ಎಳೆದ ಉದ್ದನೆಯ ಗೆರೆಗಳು ಬೇರೆ.

“ಭಾವ, ಇದನ್ನ ಹೊಸ ಕಾರು ಮಾಡಿಕೊಡ್ತೀನಿ,” ಅಂದೆ.

“ಈ ಕೆಲಸ ನಿಂಗೆ ಬರುತ್ತೇನೋ?”

“ಕಬ್ಬಿಣಾನೇ ಬಗ್ಗಿಸೋನು ನಾನು. ಬಣ್ಣ ಯಾವ ಲೆಕ್ಕ?”

ಭಾವ ನನ್ನ ಮುಖ ನೋಡಿ, ಕೀಲಿಕೈ ಕೊಟ್ಟರು. ಯಾರನ್ನು ಮನೆಗೆ ಕರೆತರುವುದಕ್ಕೆ ಕಾರು ಹೊಳೆಯಬೇಕು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕಾರು ತೊಳೆಯುವುದನ್ನು ಯಾರೂ ಸಿದ್ಧತೆ ಅನ್ನುವುದಿಲ್ಲವಲ್ಲ.

ಕೆಲಸ ಶುರುಮಾಡಿದ ಮೇಲೆ ನಿಜವಾಗಿ ಹೆದರಿದೆ. ಗೀರು ತೆಗೆಯುವುದೆಂದರೆ ಗೀರಿಗೆ ಏನೋ ತುಂಬುವುದೆಂದು ನಾನು ತಿಳಿದಿದ್ದೆ. ಫೋನಿನ ವಿಡಿಯೋಗಳಲ್ಲಿ ನೋಡಿದರೆ ಅದು ತಿರುಗುಮುರುಗು. ಬಣ್ಣದ ಮೇಲೆ ಗಾಜಿನಂಥ ಒಂದು ಪದರ ಇರುತ್ತದೆ, ಕಾಗದಕ್ಕಿಂತಲೂ ತೆಳು. ಗೀರು ಅದರಲ್ಲಿರುವುದು. ಸುತ್ತಲಿನ ಪದರವನ್ನೇ ಸವೆಸಿ ಗೀರಿನ ತಳಕ್ಕೆ ಇಳಿಸಬೇಕು. ಸ್ವಲ್ಪ ಹೆಚ್ಚಾದರೆ ಪದರವೇ ಮುಗಿಯಿತು, ಮತ್ತೆ ಬರುವುದಿಲ್ಲ. ಉಗುರಿಗೆ ಸಿಕ್ಕುವಷ್ಟು ಆಳದ ಗೀರಿನ ತಂಟೆಗೆ ಹೋಗಲೇಬಾರದು. ಅಂಚುಗಳಲ್ಲಂತೂ ಪದರ ಇನ್ನೂ ತೆಳು, ಅಲ್ಲಿ ಟೇಪು ಅಂಟಿಸಿಕೊಳ್ಳಬೇಕು. ನನ್ನ ಕೈ ನೋಡಿದರೆ ಗ್ರೈಂಡರಿನ ಕೈ. ಯಂತ್ರ ಹಿಡಿದರೆ ಒತ್ತುವುದೇ ಅದಕ್ಕೆ ಗೊತ್ತು. ಪಾಲಿಶ್ ಮಷೀನನ್ನು ಒತ್ತಬಾರದು, ಅದರ ಭಾರಕ್ಕೆ ಅದನ್ನು ಬಿಟ್ಟು ಮೆಲ್ಲಗೆ ನಡೆಸಬೇಕು. ಹಿಂದಿನ ಬಾಗಿಲ ಕೆಳಗೆ, ಯಾರಿಗೂ ಕಾಣದ ಕಡೆ, ಟೇಪಿನಿಂದ ಒಂದು ಚೌಕ ಮಾಡಿಕೊಂಡು, ಕಾಂಪೌಂಡು ಅನ್ನುವ ಉಜ್ಜುವ ಪೇಸ್ಟು ಹಚ್ಚಿ, ಉಸಿರು ಹಿಡಿದು ಮಷೀನು ಆಡಿಸಿದೆ. ಒರೆಸಿ ನೋಡಿದರೆ ಆ ಚೌಕದಲ್ಲಿ ನನ್ನ ಮೂಗು ಕಂಡಿತು, ಕೂದಲು ಸಮೇತ. ಅಕ್ಕನ ಕಿಟಕಿಗೆ ಓಡಿ “ಜಗತ್ತಿನಲ್ಲಿ ಇಂಥ ಕೈ ಇನ್ನೊಂದಿಲ್ಲ ಕಣೇ” ಅಂದೆ. “ಹೌದು, ಪಾತ್ರೆ ತೊಳಿಯೋಕೂ ಅದನ್ನೇ ಉಪಯೋಗಿಸು,” ಅಂದಳು.

ಅಕ್ಕನ ಕೋಣೆಯ ಕಿಟಕಿ ಶೆಡ್ಡಿಗೇ ತೆರೆಯುತ್ತದೆ, ಅವಳ ಮಂಚ ಅದಕ್ಕೆ ತಾಗಿಯೇ ಇದೆ. ಕಾರಿನ ಬಾಗಿಲುಗಳು ಮುಗಿಯುವ ಹೊತ್ತಿಗೆ ಅವಳೊಂದು ವಿಷಯ ಹೇಳಿದಳು, ಗುಟ್ಟು ಹೇಳುವಂತೆ: “ನಿನ್ನ ಮಷೀನು ಶುರುವಾದ್ರೆ ಇದು ಒದೆಯುತ್ತೆ ಕಣೋ. ನಿಲ್ಲಿಸಿದ್ರೆ ಸುಮ್ಮನಾಗುತ್ತೆ.” ನಾನು ನಗಲು ಹೋಗಿ ನಗಲಾರದೆ ಹೋದೆ. ಅವತ್ತಿನಿಂದ ಮಷೀನಿನ ಗುಂಡಿ ಒತ್ತುವಾಗಲೆಲ್ಲ ಕಿಟಕಿ ಕಡೆ ಕಿವಿ. ನೀನು ಒದ್ದರೆ ಅವಳು ಕಿಟಕಿಯ ಸರಳನ್ನು ಬಳೆಯಿಂದ ಟಣ್ ಅನ್ನಿಸುವಳು. ನಾನು ನಿಟ್ಟುಸಿರು ಬಿಟ್ಟು ಮುಂದಿನ ಚೌಕಕ್ಕೆ ಹೋಗುವೆ. ನೀನೂ ನಾನೂ ಕೂಡಿಯೇ ಆ ಕಾರನ್ನು ಉಜ್ಜಿದೆವು, ಇದನ್ನು ಮರೆಯಬೇಡ.

ಕೊನೆಗೆ ಉಳಿದದ್ದು ಬಾನೆಟ್ಟು. ಹೋದ ವಾರ ಅದಕ್ಕೆ ಟೇಪು ಅಂಟಿಸುತ್ತ ನಿಂತಿದ್ದೆ. ಭಾವ ಬಸ್ಸಿನಲ್ಲಿ ಅಂಗಡಿಗೆ ಹೋಗಿದ್ದರು. ಕಿಟಕಿಯಿಂದ ಅಕ್ಕನ ದನಿ ಬಂತು. ಕೂಗಲಿಲ್ಲ. ಕೂಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

“ಲೋ, ಬೆಳಿಗ್ಗೆಯಿಂದ ಇದು ಅಲುಗಾಡಿಲ್ಲ ಕಣೋ.”

ಟೇಪು ಅಲ್ಲೇ ಬಿಸಾಕಿ ಒಳಗೆ ಓಡಿದೆ. ಆಸ್ಪತ್ರೆಯ ನರ್ಸಮ್ಮನಿಗೆ ಫೋನು ಮಾಡಿದೆ. ಸಿಹಿ ನೀರು ಕುಡಿಸಿ, ಎಡಮಗ್ಗುಲಿಗೆ ಮಲಗಿಸಿ, ಒಂದು ಗಂಟೆ ನೋಡಿ, ಆಗಲೂ ಒದೆಯದಿದ್ದರೆ ಕರೆದುಕೊಂಡು ಬನ್ನಿ, ಅಂದರು. ಕುಡಿಸಿದೆ. ಮಲಗಿಸಿದೆ. ಆ ಕೋಣೆಯಲ್ಲಿ ಗಡಿಯಾರ ನೋಡದಿರಲು ಇಬ್ಬರೂ ಪಟ್ಟ ಕಷ್ಟ ನಿನಗೆ ಹೇಗೆ ಹೇಳಲಿ? ಅಕ್ಕನ ಕಣ್ಣು ಸೂರನ್ನು ನೋಡುತ್ತಿತ್ತು. ಹಿಂದಿನ ಸಲವೂ ಹೀಗೇ ನೋಡುತ್ತಿದ್ದಳು. ಆಮೇಲೆ ಅಂದಳು, “ಹೋಗೋ. ಮಷೀನು ಹಾಕು.”

ಓಡಿದೆ. ಗುಂಡಿ ಒತ್ತಿದೆ. ಬಾನೆಟ್ಟಿನ ಮೇಲೆ ಮಷೀನಿನ ಸ್ಪಂಜಿನ ಪ್ಯಾಡು ಇಟ್ಟೆ. ಕಿವಿ ಪೂರ್ತಿ ಕಿಟಕಿಯಲ್ಲಿ. ಟಣ್ ಇಲ್ಲ. ಇನ್ನೂ ಇಲ್ಲ. ಕೈ ತಾನಾಗಿ ಒತ್ತತೊಡಗಿದ್ದು, ಮಷೀನು ನಡೆಯುವುದು ಬಿಟ್ಟು ಒಂದೇ ಕಡೆ ನಿಂತದ್ದು, ಯಾವುದೂ ನನಗೆ ಗೊತ್ತಾಗಲಿಲ್ಲ. ಒಳಗೊಳಗೇ ಅನ್ನುತ್ತಿದ್ದೆ: ಒದೆಯೋ, ಒದೆಯೇ, ನನ್ನನ್ನೇ ಒದೆ, ನಾನು ಮಾತಾಡುವುದಿಲ್ಲ. ಬಿಸಿ ವಾಸನೆ ಬಂತು. ಪ್ಯಾಡಿನ ಬಿಳಿ ಅಂಚು ನೀಲಿಯಾಯಿತು. ಅದರ ಅರ್ಥ ನನಗೆ ಗೊತ್ತು, ಪದರ ಮುಗಿದು ಬಣ್ಣವೇ ಏಳುತ್ತಿದೆ. ನಿಲ್ಲಿಸಬೇಕು. ನಿಲ್ಲಿಸಿದರೆ ಸದ್ದು ನಿಲ್ಲುತ್ತದೆ. ಸದ್ದು ನಿಂತರೆ, ನೀನು ಒದೆಯಲಿಕ್ಕೆಂದು ಕಾಲು ಎತ್ತಿದ್ದರೆ, ಅದನ್ನು ಇಳಿಸಿಬಿಟ್ಟರೆ? ನಾನು ನಿಲ್ಲಿಸಲಿಲ್ಲ. ಕಣ್ಣಿಂದ ನೋಡುತ್ತಲೇ ಸುಟ್ಟೆ. ನೀಲಿಯ ನಡುವೆ ಅದರ ಅಡಿಯ ಬೂದು ಬಣ್ಣ ಅಂಗೈಯಗಲ ತೆರೆದುಕೊಂಡಿತು.

ಟಣ್.

ಆಮೇಲೆ ಟಣ್ ಟಣ್ ಟಣ್. ಅಕ್ಕ ಅಳುತ್ತ ಬಡಿಯುತ್ತಿದ್ದಳು. ನಾನು ಮಷೀನು ನಿಲ್ಲಿಸಿ ಕಾರಿನ ಚಕ್ರಕ್ಕೆ ಬೆನ್ನು ಕೊಟ್ಟು ಕೂತೆ.

ಸಂಜೆ ಭಾವ ಬಂದು ಬಾನೆಟ್ಟು ನೋಡಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. “ಏನಪ್ಪಾ, ಕಬ್ಬಿಣ ಬಗ್ಗಿಸೋನೇ,” ಅಂದರು. ನಡೆದದ್ದು ಹೇಳಿದೆ. ಅವರು ಒಳಗೆ ಹೋಗಿ, ಅಕ್ಕನ ಮಂಚದ ಪಕ್ಕ ನೆಲದ ಮೇಲೆ ಬಹಳ ಹೊತ್ತು ಕೂತರು. ಮರುದಿನ ಪೇಂಟರನನ್ನು ಕರೆದುಕೊಂಡು ಬಂದೆ. ಪೂರ್ತಿ ಬಾನೆಟ್ಟಿಗೆ ಬಣ್ಣ ಹೊಡೆಯಬೇಕು, ಕಾರು ಕೆಲವು ದಿನ ನನ್ನ ಹತ್ತಿರ ಬಿಡಿ, ಅಂದ. ಕಾರು ಯಾವ ಗಳಿಗೆಯಲ್ಲಿ ಬೇಕಾಗುತ್ತದೋ, ಬಿಡುವುದು ಹೇಗೆ? ಹಾಗೇ ಉಳಿಯಿತು. ನೀನು ಬಂದಾಗ ದಯವಿಟ್ಟು ಬಾಗಿಲ ಕಡೆಯಿಂದ ನೋಡು. ಬಾಗಿಲುಗಳನ್ನು ದೊಡ್ಡ ದೊಡ್ಡ ಕಸುಬುದಾರರು ಬಂದು ನೋಡಿದರೂ ತಲೆದೂಗಬೇಕು.

ಇವತ್ತು ಬೆಳಿಗ್ಗೆ ಅಕ್ಕ ಗೋಡೆ ಹಿಡಿದು ಶೆಡ್ಡಿಗೆ ಬಂದಳು. ಕಾರಿನ ಬಾಗಿಲಲ್ಲಿ ತನ್ನ ಮುಖ ಕಂಡು, “ಇಷ್ಟು ಊದಿಕೊಂಡಿದೀನಿ ಅಂತ ಯಾರೂ ಹೇಳ್ಲೇ ಇಲ್ವಲ್ಲೋ,” ಅಂದಳು. ಸೀಟಿನಲ್ಲಿ ಕೂತ ಮೇಲೆ ನನ್ನ ಮಣಿಕಟ್ಟು ಹಿಡಿದಳು. ಅವಳ ಕೈ ತಣ್ಣಗಿತ್ತು. “ನೀನಾದ್ರೂ ಇದಕ್ಕೆ ಒಂದು ಮಾತು ಹೇಳೋ. ನಂಗೆ ಬಾಯಿ ಬರ್ತಿಲ್ಲ.” ಊರಿಗೆಲ್ಲ ಬಾಯಿ ಮಾಡುವ ನಿನ್ನ ಮಾವ ಏನು ಹೇಳಿದ ಗೊತ್ತೇ? “ಬೆಲ್ಟು ಸಡಿಲ ಹಾಕ್ಕೋ,” ಅಂದ. ಕಾರು ಗೇಟು ದಾಟಿ ತಿರುವಿನಲ್ಲಿ ಮರೆಯಾಯಿತು. ಇಷ್ಟು ಹೊತ್ತಾದರೂ ನನ್ನ ಕಿವಿ ಇನ್ನೂ ಖಾಲಿ ಕಿಟಕಿಯಲ್ಲೇ ಇದೆ.

ಆಡಲಾಗದೆ ಹೋದದ್ದನ್ನು ಬರೆಯಲು ಕೂತೆ. ಆ ಒಂದು ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದೆ. ಹಿಂದಿನ ಸಲ ಎಲ್ಲರೂ ಅದನ್ನು ಹೇಳಿದ್ದರು, ಬರಲಿಲ್ಲ; ಅದಕ್ಕೇ ಈ ಸಲ ಯಾರೂ ನಿನಗೆ ಹೇಳಿಲ್ಲ. ಕರೆಯದ ಮನೆಗೆ ಬರುತ್ತಿದ್ದೇನೆ ಎಂದುಕೊಂಡೀಯ ಎಂಬ ಹೆದರಿಕೆ ಈಗ ಎಲ್ಲ ಹೆದರಿಕೆಗಿಂತ ದೊಡ್ಡದಾಗಿದೆ. ಸುತ್ತ ಒಂದು ಸಲ ನೋಡಿದೆ, ಯಾರೂ ಇಲ್ಲ. ಬರೆಯುತ್ತೇನೆ.

ಬಾ.

ಅಳುತ್ತಲೇ ಬಾ, ಒದೆಯುತ್ತಲೇ ಬಾ. ನಿನ್ನ ಉಸಿರು ಗಟ್ಟಿಯಾಗಿರಲಿ, ನಿನ್ನ ಕೂಗು ಈ ಬೀದಿಯ ನಿದ್ದೆ ಕೆಡಿಸಲಿ. ನನ್ನ ಆಯಸ್ಸಿನಲ್ಲಿ ಬೇಕಾದಷ್ಟು ತೆಗೆದುಕೋ.

ಬಾಯಿ ಒಣಗಿ ಕೂತಿರುವ,
ಹೀಗೆ ಕರೆದದ್ದನ್ನು ನಿನ್ನಪ್ಪನಿಗೆ ಹೇಳಬಾರದೆಂದು ಕೈಮುಗಿಯುವ,
ನಿನ್ನ ಒಬ್ಬನೇ ಒಬ್ಬ ಸೋದರಮಾವ