ನಾನು ಓದದ ವರದಿ

ಗೌರೀಶಣ್ಣ,

ಆ ಪೈಪ್ ಕಂಪನಿಯ ಷೇರು ಇವತ್ತು ಕೊಳ್ಳಬೇಡ. "ಅವರ ವರದಿ ಪೂರ್ತಿ ಓದಿದ್ಯೇನವ್ವ?" ಅಂತ ನೀನು ಕೇಳಿದಾಗ "ಊಂ ಕಣಣ್ಣ" ಅಂದದ್ದು ಸುಳ್ಳು. ಇಂಗ್ಲಿಷ್ ತಿಳಿಯದೆ ಚಿತ್ರಗಳನ್ನಷ್ಟೇ ನೋಡಿದ್ದೆ. ಕಂಪನಿಯ ಹೆಸರು ಸಿಕ್ಕಿದ್ದು ಫೋನಿನ ಷೇರು ಟಿಪ್ಸ್ ಗುಂಪಿನಲ್ಲಿ. ಅಲ್ಲಿ ಹೊಗಳುವವರೆಲ್ಲ ಒಂದೇ ಮಾತನ್ನು ಅಕ್ಷರವೂ ಬದಲಿಸದೆ ಬರೆಯುತ್ತಾರೆ ಎಂದು ನಿನ್ನೆಯಷ್ಟೇ ಗಮನಿಸಿದೆ.

ಹೊಗೆಸೊಪ್ಪಿನ ಕಟ್ಟಿನಲ್ಲಿ ಮೇಲಿನ ಎಲೆ ನಂಬಬೇಡ, ಒಳಗೆ ಕೈ ಹಾಕಿ ನೋಡು ಅಂತ ಕಲಿಸಿದವನು ನೀನು. ನಿನ್ನ ಮುಖ ನೋಡಿ ಹೇಳಲಾಗಲಿಲ್ಲ.

ಹುಣಸೂರು ಲೈಬ್ರರಿಗೆ ಹೋಗುತ್ತಿದ್ದೇನೆ. ಹೇಮಶ್ರೀ ಟೀಚರ್ ಪಕ್ಕ ಕೂತು ವರದಿಯ ಅರ್ಥ ಕೇಳಿಕೊಂಡು ಬರುತ್ತೇನೆ.

ಸಾರು ಬಿಸಿ ಮಾಡಿಕೋ. ಚೀಟಿ ಅತ್ತಿಗೆಗೆ ತೋರಿಸಬೇಡ. "ನಮ್ ಶಾಂಭವಿ ಕಂಪ್ನಿ ವರದೀನೂ ಓದ್ತಾಳೆ ಕಣ್ರವ್ವ" ಅಂತ ಬೀದಿಗೆಲ್ಲ ಹೇಳಿದ್ದಾರೆ. ಅವರಿಗೆ ಸಂಜೆ ನಾನೇ ಹೇಳುತ್ತೇನೆ.

ಶಾಂಭವಿ