ಗರಿಗಳ ಬೂದಿ

ಚೆಟ್ಟಳ್ಳಿ
11 ಫೆಬ್ರವರಿ 2024, ಭಾನುವಾರ

ನನ್ನ ಬಂಗಾರದಂಥ ಮಗಳು ಶ್ವೇತಳಿಗೆ ಅಮ್ಮನ ಮುತ್ತುಗಳು.

ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, ನೀನು ಪಾಠ ಹೇಳುವ ನರ್ಸಿಂಗ್ ಕಾಲೇಜಿನ ಹುಡುಗಿಯರ ಪ್ರಾರ್ಥನಾ ಕೂಟದಲ್ಲಿ ಹದಿನಾಲ್ಕನೇ ತಾರೀಕಿನ ಬಗ್ಗೆ ಮಾತಾಡಬೇಕು, ಈ ಪ್ರೇಮಿಗಳ ದಿನ ಎಲ್ಲಿಂದ ಬಂತು, ಕ್ರೈಸ್ತರಾದ ನಾವು ಅದನ್ನು ಹೇಗೆ ನೋಡಬೇಕು, ಬರೆದು ಕಳಿಸಮ್ಮ ಎಂದು. ಇಪ್ಪತ್ತು ವರ್ಷ ಚರ್ಚಿನ ಮಕ್ಕಳಿಗೆ ಕ್ಯಾಟೆಕಿಸಂ, ಧರ್ಮಪಾಠ, ಹೇಳಿಕೊಟ್ಟ ಬಾಯಿ ನನ್ನದು, ಇದೇನು ಮಹಾ ಅಂದುಕೊಂಡು ಕೂತೆ. ಮೂರು ಹಾಳೆ ಹರಿದು ಹಾಕಿದ್ದೇನೆ. ಪಕ್ಕದ ಮನೆಯ ಶಾಂತಪ್ಪ ನಾಳೆ ಮೆಣಸಿನ ಮೂಟೆ ಹಾಕಿಕೊಂಡು ಪಿಕಪ್ಪಿನಲ್ಲಿ ಮೈಸೂರಿಗೆ ಹೊರಡುತ್ತಾನೆ. ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ.

ಈ ಸಲ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಹದಿನಾಲ್ಕಕ್ಕೇ ಬಂದಿದೆ, ಗಮನಿಸಿದೆಯಾ? ಗುರುವಾರದಿಂದ ನಾನು ಚೀಲ ಹಿಡಿದು ತೋಟದ ಕೆಲಸದವರ ಲೈನುಗಳಲ್ಲಿ ಮನೆಮನೆ ಸುತ್ತುತ್ತಿದ್ದೇನೆ. ಹೋದ ವರ್ಷ ಗರಿಗಳ ಭಾನುವಾರ ಫಾದರ್ ಮಂತ್ರಿಸಿ ಕೊಟ್ಟ ತೆಂಗಿನ ಗರಿ ಎಲ್ಲರ ಮನೆಯಲ್ಲೂ ಪಟದ ಹಿಂದೆ ಒಣಗಿ ಕೂತಿರುತ್ತದೆ. ಅದನ್ನು ತಂದು ಸುಟ್ಟರೆ ತಾನೇ ಬುಧವಾರ ಹಣೆಗೆ ಬೂದಿ. ನಿನಗೆ ಆರು ವರ್ಷವಿದ್ದಾಗ ನನಗಿಂತ ಮುಂದೆ ಓಡಿಹೋಗಿ, ಬಾಗಿಲಲ್ಲಿ ನಿಂತು, ತರಕಾರಿ ಮಾರುವವರ ಹಾಗೆ ಗರೀ ಗರೀ ಅಂತ ಕೂಗುತ್ತಿದ್ದೆ. ಹಳೇ ಬಾಣಲೆಯಲ್ಲಿ ಸುಟ್ಟು, ಪಂಚೆಯ ತುಂಡಿನಲ್ಲಿ ಸೋಸುವಾಗ ನಿನ್ನ ಮೂಗೆಲ್ಲ ಕಪ್ಪು. ನಿನ್ನಪ್ಪ ನೋಡಿ, ಬುಧವಾರಕ್ಕೆ ಮೊದಲೇ ಇವಳ ತಪಸ್ಸು ಶುರುವಾಯ್ತು ಅಂತ ನಗುತ್ತಿದ್ದರು. ಆ ದಿನಗಳು ಎಲ್ಲಿ ಹೋದವು ಕಂದಾ! ಈಗ ಒಬ್ಬಳೇ ಸೋಸುತ್ತೇನೆ.

ಇರಲಿ, ನಿನ್ನ ಪ್ರಶ್ನೆಗೆ ಬರುತ್ತೇನೆ. ನಾನು ಕ್ಲಾಸಿನಲ್ಲಿ ಏನು ಹೇಳುತ್ತಿದ್ದೆ ನಿನಗೆ ನೆನಪಿದೆ: ಅದು ರೋಮಿನ ವಿಗ್ರಹಾರಾಧಕರ ಹಬ್ಬ, ಈಗ ಗ್ರೀಟಿಂಗ್ ಕಾರ್ಡು ಮಾರುವವರ ಹಬ್ಬ, ನಮಗೂ ಅದಕ್ಕೂ ಸಂಬಂಧವಿಲ್ಲ. ಮೇಜು ಕುಟ್ಟಿ ಹೇಳುತ್ತಿದ್ದೆ. ಈಗ ಫಾದರ್ ಹತ್ತಿರ ಕೇಳಿ, ಪುಸ್ತಕ ತೆಗೆದು ನೋಡಿದರೆ ಅಷ್ಟು ಸುಲಭವಿಲ್ಲ. ಫೆಬ್ರವರಿ ಮಧ್ಯದಲ್ಲಿ ರೋಮಿನವರಿಗೆ ಒಂದು ಹಬ್ಬವಿದ್ದದ್ದು ನಿಜ. ಇದು ಅದರಿಂದಲೇ ಬಂತು ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲವಂತೆ. ವಾಲೆಂಟೈನ್ ಎಂಬ ಪಾದ್ರಿ ವಿಶ್ವಾಸಕ್ಕಾಗಿ ತಲೆ ಕೊಟ್ಟರು. ಅದೇ ಹೆಸರಿನ ಬಿಷಪರೂ ಒಬ್ಬರಿದ್ದರು. ಇಬ್ಬರೋ, ಒಬ್ಬರೋ, ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹಾಗಾಗಿಯೇ 1969ರಲ್ಲಿ ಚರ್ಚಿನ ಸಾಮಾನ್ಯ ಪಂಚಾಂಗದಿಂದ ಆ ಹಬ್ಬವನ್ನು ಕೈಬಿಟ್ಟರು. ಚಕ್ರವರ್ತಿಯ ಕಣ್ಣು ತಪ್ಪಿಸಿ ಪ್ರೇಮಿಗಳಿಗೆ ಮದುವೆ ಮಾಡಿಸಿದರು ಅನ್ನುವುದು ಆಮೇಲೆ ಹುಟ್ಟಿದ ಕಥೆ. ಇನ್ನೊಂದು ಕಥೆ ಇದೆ. ಅವರಿದ್ದ ಸೆರೆಮನೆಯ ಕಾವಲಿನವನಿಗೆ ಕುರುಡಿ ಮಗಳು. ಅವಳಿಗಾಗಿ ಪ್ರಾರ್ಥಿಸಿ ಕಣ್ಣು ಬರಿಸಿ, ಸಾಯುವ ಮುಂಚೆ ಅವಳಿಗೊಂದು ಕಾಗದ ಬರೆದರಂತೆ.

ಮೂರು ಹಾಳೆ ಹರಿದದ್ದು ಇಲ್ಲೇ. ಸೆರೆಮನೆಯಿಂದ ಕಾಗದ ಹೊರಗೆ ಹೋಗಬೇಕಾದರೆ ಕಾವಲಿನವನ ಕೈಯಿಂದಲೇ ಹೋಗಬೇಕು, ಅಲ್ಲವಾ? ಆ ಮನುಷ್ಯ ಮಗಳಿಗೆ ಬಂದ ಕಾಗದವನ್ನು ಮಗಳ ಕೈಗೆ ಕೊಟ್ಟ. ನಾನು ಕೊಡಲಿಲ್ಲ.

2018ರಲ್ಲೂ ಬೂದಿ ಬುಧವಾರ ಹದಿನಾಲ್ಕಕ್ಕೇ ಬಂದಿತ್ತು. ನೀನು ಡಿಗ್ರಿಯ ಕೊನೇ ವರ್ಷ. ಪರೀಕ್ಷೆಗೆ ಓದುವ ರಜೆ ಅಂತ ನಿನ್ನ ಫೋನು ಕಸಿದು ಬೀರುವಿನಲ್ಲಿಟ್ಟಿದ್ದೆ. ಸೋಮವಾರ ನೀನು ಮಡಿಕೇರಿಗೆ ಹೋಗಿದ್ದಾಗ ನಿನ್ನ ಕ್ಲಾಸಿನ ಹುಡುಗ ಲೋಹಿತ್ ಬಂದ. ಕುಶಾಲನಗರದ ಕಡೆ ಒಕ್ಕಲುತನದವರ ಹುಡುಗ ಅಂತ ಆಮೇಲೆ ತಿಳಿಯಿತು. ಶ್ವೇತಾ ನೋಟ್ಸ್ ಕೇಳಿದ್ರು ಅಮ್ಮಾ ಅಂದ. ಒಳಗೆ ಕರೆದರೂ ಬರದೆ, ಗೇಟಿನಲ್ಲೇ ನೋಟ್ಸಿನ ಪುಸ್ತಕ ಕೊಟ್ಟು ಹೋದ. ಅದರೊಳಗಿನಿಂದ ಲಕೋಟೆ ಬಿತ್ತು. ಮೇಲೆ ನಿನ್ನ ಹೆಸರು. ಬುದ್ಧಿ ಕೆಟ್ಟು ಒಡೆದು ಓದಿದೆ.

ನಾಲ್ಕೇ ಸಾಲು, ಇವತ್ತಿಗೂ ಬಾಯಿಪಾಠ. ಹದಿನಾಲ್ಕರಂದು ಹನ್ನೊಂದು ಗಂಟೆಗೆ ಚೆಟ್ಟಳ್ಳಿ ಬಸ್ ಸ್ಟಾಪಿನಲ್ಲಿ ಇರುತ್ತೇನೆ. ನೀನು ಬಂದರೆ ನಿನ್ನ ಮನಸ್ಸು ಹೌದು ಅಂದಿದೆ ಅಂದುಕೊಳ್ಳುತ್ತೇನೆ. ಬಾರದಿದ್ದರೆ ಇನ್ನೆಂದೂ ನಿನಗೆ ತೊಂದರೆ ಕೊಡುವುದಿಲ್ಲ. ಚೆನ್ನಾಗಿ ಓದು.

ಬಾಣಲೆಯಲ್ಲಿ ಗರಿ ಹೊತ್ತಿ ಉರಿಯುತ್ತಿತ್ತು. ಅದರ ಮೇಲೆ ಹಾಕಿದೆ.

ಬುಧವಾರ ಪೂಜೆಯಲ್ಲಿ ಫಾದರ್ ನಿನ್ನ ಹಣೆಗೆ ಶಿಲುಬೆ ಎಳೆಯುವಾಗ ನಾನು ಮುಖ ತಿರುಗಿಸಿದೆ. ಆ ಬೂದಿಯಲ್ಲಿ ಅವನ ಅಕ್ಷರವೂ ಇತ್ತಲ್ಲ ಮಗಳೇ. ಹನ್ನೊಂದೂವರೆಗೆ ನಾನು ಒಂದು ನೆಪ ಮಾಡಿಕೊಂಡು ಬಸ್ ಸ್ಟಾಪಿನ ಎದುರಿನ ಅಂಗಡಿಗೆ ಹೋದೆ. ಇಸ್ತ್ರಿ ಮಾಡಿದ ಬಿಳೀ ಶರ್ಟು ಹಾಕಿ ನಿಂತಿದ್ದ. ನಾಲ್ಕು ಗಂಟೆಗೆ ಮತ್ತೆ ಹೋದೆ. ಆಗಲೂ ನಿಂತಿದ್ದ. ಆ ವಾರವೇ ನೀನು ಕೇಳಿದೆ, ನೋಟ್ಸಿನ ಜೊತೆ ಬೇರೆ ಏನೂ ಇರ್ಲಿಲ್ವಾ ಅಮ್ಮಾ ಅಂತ. ಏನಿರತ್ತೆ, ಹೋಗಿ ಓದ್ಕೋ ಅಂದೆ. ಅಷ್ಟು ಸಲೀಸಾಗಿ ಸುಳ್ಳು ಬಂತು. ಆಮೇಲೆ ನೀನು ಅವನ ಹೆಸರೇ ಎತ್ತಲಿಲ್ಲ. ಹಾಡುವುದನ್ನೂ ಬಿಟ್ಟೆ. ಮಗಳು ಗಂಭೀರವಾದಳು ಅಂತ ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ, ನಾಚಿಕೆಯಿಲ್ಲದವಳು.

ನಾನೇನು ಗುಲಾಬಿಯ ಮುಖ ನೋಡದೆ ಬೆಳೆದವಳಾ? ನಮ್ಮ ಕಾಲದಲ್ಲಿ ಕಾರ್ಡಿರಲಿಲ್ಲ, ಅಷ್ಟೆ. ತೊಂಬತ್ತೆರಡರ ಗರಿಗಳ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನಿನ್ನಪ್ಪ ತಮ್ಮ ಗರಿಯನ್ನು ಹಕ್ಕಿಯ ಹಾಗೆ ಮಡಚಿ, ಯಾರಿಗೂ ಕಾಣದಂತೆ ನನ್ನ ಕೈಗಿಟ್ಟರು. ಮರುವರ್ಷ ಅದನ್ನು ಸುಡಲು ಕೊಡಬೇಕಿತ್ತು. ಕೊಡಲಿಲ್ಲ. ಎಲ್ಲರ ಮನೆಯ ಗರಿ ಗದರಿಸಿ ಕೇಳಿ ತರುವ ನಿನ್ನಮ್ಮನ ಪ್ರಾರ್ಥನೆ ಪುಸ್ತಕದಲ್ಲಿ ಆ ಹಕ್ಕಿ ಇನ್ನೂ ಇದೆ. ನನ್ನದನ್ನು ಉಳಿಸಿಕೊಂಡು ನಿನ್ನದನ್ನು ಸುಟ್ಟೆ.

ಈಗ ವಿರಾಜಪೇಟೆಯ ಸಂಬಂಧದವರು ಈಸ್ಟರ್ ಮುಗಿದ ಕೂಡಲೇ ನಿಶ್ಚಿತಾರ್ಥ ಅನ್ನುತ್ತಿದ್ದಾರೆ. ಹುಡುಗ ಒಳ್ಳೆಯವನೇ. ಆದರೆ ನೀನು ನಿಮ್ಮಿಷ್ಟ ಅಮ್ಮಾ ಅಂದ ದನಿ ನನಗೆ ಗೊತ್ತು. ಯಾರೂ ನನಗಾಗಿ ಬರಲಿಲ್ಲ ಅಂದುಕೊಂಡು ಹೌದು ಅನ್ನಬೇಡ. ಒಬ್ಬ ಬಂದಿದ್ದ, ಸಂಜೆಯವರೆಗೆ ಕಾದಿದ್ದ. ಇಷ್ಟು ತಿಳಿದ ಮೇಲೂ ನಿನಗೆ ವಿರಾಜಪೇಟೆಯೇ ಒಪ್ಪಿಗೆಯಾದರೆ ಸಂತೋಷವಾಗಿ ಹೌದು ಅನ್ನು. ಬೇಡವಾದರೆ ಬೇಡ. ಅವರಿಗೆ ಹೇಳುವುದು ನನ್ನ ತಲೆನೋವು.

ನಿನ್ನ ಹುಡುಗಿಯರಿಗೆ ಹೀಗೆ ಹೇಳು: ಗುಲಾಬಿ ಕೊಟ್ಟರೆ ವಿಶ್ವಾಸ ಕರಗುವುದಿಲ್ಲ, ಕೊಡದಿದ್ದರೆ ಗಟ್ಟಿಯಾಗುವುದೂ ಇಲ್ಲ. ಪ್ರೀತಿಸಿದ್ದಕ್ಕೆ ಬೆಲೆ ತೆತ್ತವನೊಬ್ಬನ ನೆನಪಿನ ದಿನ ಅದು, ಚಾಕಲೇಟಿನ ಗದ್ದಲದಲ್ಲಿ ಅದನ್ನು ಮರೆಯಬೇಡಿ. ನಿನ್ನಮ್ಮನ ಕಥೆ ಹೇಳುವುದಾದರೆ ಹೇಳು, ಹೆಸರು ಮುಚ್ಚಿಡಬೇಕಾಗಿಲ್ಲ.

ಫಾದರ್ ಹತ್ತಿರ ಪಾಪನಿವೇದನೆ ಮಾಡಿ ಆಯಿತು. ದೇವರು ಕ್ಷಮಿಸಿದ್ದಾನೆ ಅಂದರು. ಆದರೆ ನಾನು ಒಡೆದದ್ದು ದೇವರಿಗೆ ಬಂದ ಕಾಗದವನ್ನಲ್ಲ. ನೀನು ಕ್ಷಮಿಸುತ್ತೀಯಾ?

ನಿನ್ನ ಉತ್ತರಕ್ಕೆ ಹೆದರಿ ಕೂತಿರುವ,
ನಿನ್ನ ಅಮ್ಮ,
ಸಿಸಿಲಿಯಾ

ಇದನ್ನು ಬರೆಯಲು ಮರೆತಿದ್ದೆ ಅಂದುಕೊಳ್ಳಬೇಡ, ಧೈರ್ಯ ಬಂದಿರಲಿಲ್ಲ: ಶುಕ್ರವಾರ ಬಸ್ಸು ಹತ್ತಿ ಕುಶಾಲನಗರಕ್ಕೆ ಹೋಗಿದ್ದೆ. ವಿಚಾರಿಸಿಕೊಂಡು ಅವನ ಮನೆಗೇ ಹೋಗಿ ಎಲ್ಲ ಹೇಳಿದೆ. ಅವನಿಗೆ ಇನ್ನೂ ಮದುವೆಯಾಗಿಲ್ಲ, ಅದನ್ನೂ ನಾಚಿಕೆ ಬಿಟ್ಟು ಕೇಳಿದೆ. ಅವನು ಕಾಫಿ ಕೊಟ್ಟು, ಒಳಗೆ ಹೋಗಿ ಏನೋ ಬರೆದು ತಂದ. ಅದು ಈ ಕಾಗದದ ಜೊತೆಗಿದೆ. ಲಕೋಟೆಗೆ ಅಂಟು ಹಚ್ಚಲು ಅವನು ಮರೆತಿದ್ದ. ನಾನೇ ಅನ್ನದ ಅಗುಳು ಹಚ್ಚಿ ಮುಚ್ಚಿದ್ದೇನೆ, ಓದದೆ.