ಗೋಣಿತಟ್ಟಿನ ಮೇಲಿನ ಉಳಿಗಳು

ರಾವೂರ
ತಾ. ೮ ಜುಲೈ ೧೯೫೫

ಚಿ. ಸೌ. ಭೀಮಬಾಯಿಗೆ,

ಅಪ್ಪನ ಆಶೀರ್ವಾದ. ನಿನ್ನ ಅತ್ತೆ ಮಾವಂದಿರಿಗೆ ನನ್ನ ಶರಣು ತಿಳಿಸು. ಪಂಚಮಿಗೆ ಕರೆಯಲು ಯಾರು ಬರುತ್ತಾರೆ ಎಂದು ಕೇಳಿ ನೀನು ಹಾಕಿದ ಎರಡೂ ಕಾಗದ ಮುಟ್ಟಿವೆ. ಉತ್ತರ ತಡವಾಯಿತು, ಸಿಟ್ಟಾಗಬೇಡ ತಾಯಿ. ಬರೆಯಲು ಕೂತಾಗಲೆಲ್ಲ ಏನೋ ನೆವ ಮಾಡಿಕೊಂಡು ಎದ್ದುಬಿಡುತ್ತಿದ್ದೆ. ಮಗಳು ಚಿಮ್ಮನಚೋಡದಲ್ಲಿ ದಾರಿ ಕಾಯುತ್ತಿದ್ದಾಳೆ, ನೀವು ಇಲ್ಲಿ ಕಲ್ಲಿನ ಹಾಗೆ ಕೂತಿದ್ದೀರಿ ಎಂದು ನಿಮ್ಮವ್ವ ಇವತ್ತು ಬೈದು, ದೌತಿ ತಂದು ಮುಂದಿಟ್ಟಳು.

ಎಮ್ಮೆ ಹೆಣ್ಣು ಕರು ಹಾಕಿದೆ. ಮಳೆ ಒಂದು ಹದ ಬಿದ್ದು ನಿಂತಿತು. ಕಲ್ಲಿನ ಖಣಿಯಲ್ಲಿ ಇನ್ನೂ ನೀರು ತುಂಬಿಲ್ಲ, ಕೆಲಸ ನಡೆದಿದೆ. ತಂಟೆಯಾದದ್ದು ಆ ಕೆಲಸದ್ದೇ.

ಗುತ್ತೇದಾರರು ನಾಗೇಂದ್ರಪ್ಪ ಎಂಬ ಹೊಸ ಮ್ಯಾನೇಜರನನ್ನು ಕಳಿಸಿದ್ದಾರೆ. ಬಿಳಿ ಪಾಯಿಜಾಮ, ಮಾತು ಮಾತ್ರ ಭಾಳ ಮೆತ್ತಗೆ. ಸರ್ಕಾರದ ಯೋಜನೆ ಬಂದಿದೆ, ಶಾಲೆಗೆ, ದವಾಖಾನೆಗೆ, ಗೋದಾಮಿಗೆ ಎಲ್ಲದಕ್ಕೂ ನೆಲಕ್ಕೆ ಹಾಸುವ ಫರ್ಸಿ ಬೇಕು, ಒಬ್ಬೊಬ್ಬ ಆಳು ಎಷ್ಟು ಕಲ್ಲು ತೆಗೆಯುತ್ತಾನೆ ಎನ್ನುವುದರ ಮೇಲೆ ದೇಶ ಮುಂದೆ ಹೋಗುತ್ತದೆ ಎಂದು ನಮ್ಮನ್ನೆಲ್ಲ ಕೂರಿಸಿ ಹೇಳಿದ. ಕಲ್ಲು ಎತ್ತಲು ಕಬ್ಬಿಣದ ಕಪ್ಪಿ ಕೊಡುತ್ತಾನಂತೆ. ಆದರೆ ಒಂದು ಷರತ್ತು. ಖಣಿಗೆ ಇಳಿಯುವವರಿಗೆ ಮಾತ್ರ ವಾರದ ಕೂಲಿಯಲ್ಲಿ ಪಾಲು.

ಕಲ್ಲು ಒಡೆಯುವ ನಮ್ಮ ಟೋಳಿಯ ಪದ್ಧತಿ ನಿನಗೆ ಗೊತ್ತೇ ಇದೆ. ಶನಿವಾರ ಸಂಜೆ ಗೋಣಿತಟ್ಟು ಹಾಸುತ್ತೇವೆ. ಪ್ರತಿಯೊಬ್ಬನೂ ತನ್ನ ಉಳಿ ತಂದು ಅದರ ಮೇಲೆ ಇಡುತ್ತಾನೆ. ಎಷ್ಟು ಉಳಿಯೋ ಅಷ್ಟು ಪಾಲು. ಕೈಲಾಗದೆ ಮನೆ ಹಿಡಿದವನೂ ಬಂದು ಉಳಿ ಇಡಬಹುದು, ಅವನಿಗೂ ಸರಿಪಾಲು. ಇಟ್ಟ ಉಳಿಯನ್ನು ಮತ್ತೊಬ್ಬ ಎತ್ತಿ ಕೈಗೆ ಕೊಟ್ಟರೆ ನಿನ್ನ ಋಣ ತೀರಿತು ಎಂದು ಅರ್ಥ. ಅಂಥದ್ದನ್ನು ನಾನು ಕಂಡಿಲ್ಲ, ನಮ್ಮಪ್ಪನೂ ಕಂಡಿರಲಿಲ್ಲ.

ಆದರೆ ಆಗ ಇಳಿಯುವವರು ಹೆಚ್ಚು, ಕೂತವರು ಕಡಿಮೆ. ಈಗ ತಿರುವುಮುರುವಾಗಿದೆ. ವಯಸ್ಸಿನ ಹುಡುಗರು ಕೆಲವರು ವಾಡಿಯ ರೈಲ್ವೆಗೆ ಹೋದರು, ಕೆಲವರು ಶಹಾಬಾದಿನ ಸಿಮೆಂಟಿಗೆ. ಉಳಿದ ನಾಲ್ಕಾರು ಹುಡುಗರ ಬೆನ್ನ ಮೇಲೆ ನಾವು ಇಷ್ಟು ಜನ. ಹಾಜಿಮಲಂಗ್ ಚಾಚಾನನ್ನೇ ತಗೋ. ನನಗೆ ಉಳಿ ಹಿಡಿಯಲು ಕಲಿಸಿದವನು. ಕಲ್ಲಿನ ಚಕ್ಕೆ ಸಿಡಿದು ಒಂದು ಕಣ್ಣು ಹೋಯಿತು, ಇನ್ನೊಂದು ವಯಸ್ಸಿಗೆ ಮಂಜಾಯಿತು. ಆದರೂ ಶನಿವಾರ ತಡಕಾಡುತ್ತ ಬಂದು ಉಳಿ ಇಟ್ಟೇ ಇಡುತ್ತಿದ್ದ.

ನಾಗೇಂದ್ರಪ್ಪ ಒಂದು ವಾರ ಕಪ್ಪಿ ಹಚ್ಚಿ ತೋರಿಸಿದ. ಹಗ್ಗ ಹರಿಯಲಿ, ಫರ್ಸಿ ಬಿದ್ದು ಚೂರಾಗಲಿ ಎಂದು ನಾನು ದಂಡೆಯ ಮೇಲೆ ನಿಂತು ಕಾದೆ. ಸುಳ್ಳು ಯಾಕೆ ಹೇಳಲಿ, ಹಾಗೇ ಆಗಲೆಂದು ಬಯಸಿದೆ. ಹಗ್ಗ ಹರಿಯಲಿಲ್ಲ. ಇಡೀ ಟೋಳಿ ಹಾರೆ ಹಾಕಿ ಮೀಟುವ ಹಾಸುಗಲ್ಲನ್ನು ಇಬ್ಬರು ಹುಡುಗರು ಬೀಡಿ ಸೇದುತ್ತ ಮೇಲೆತ್ತಿದರು. ಒಂದಕ್ಕೂ ಬಿರುಕಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ನಿನ್ನ ತಮ್ಮ ಅಂಬಾರಾಯ ಆ ಷರತ್ತಿನ ಮಾತು ತೆಗೆದ. ನಾನು ಮೇಸ್ತ್ರಿಯಾಗಿರುವ ತನಕ ಯಾರ ಉಳಿಯನ್ನೂ ಎತ್ತಗೊಡುವುದಿಲ್ಲ ಎಂದು ಗದರಿಸಿದೆ. ಅವನು ಗಂಗಾಳದಿಂದ ತಲೆ ಎತ್ತಲಿಲ್ಲ.

"ಅಪ್ಪಾ, ಹಿಂಗ ಹಂಚ್ಕೊಂತ ಹೋದ್ರ ಹುಡುಗ್ರು ಒಬ್ಬರೂ ನಿಲ್ಲಂಗಿಲ್ಲ. ಎಲ್ಲಾರೂ ವಾಡಿ ಹಾದಿ ಹಿಡಿತಾರ. ಆಮ್ಯಾಗ ಚಾಚಾಗ ಯಾರ ಪಾಲಿನಾಗಿಂದ ಕೊಡ್ತಿ?"

ನಾನು ರೊಟ್ಟಿ ಬಿಟ್ಟು ಎದ್ದೆ.

ಶನಿವಾರ ಗೋಣಿತಟ್ಟು ಹಾಸಿದಾಗ ಹುಡುಗರು, ಅವರಲ್ಲಿ ಅಂಬಾರಾಯನೂ, ಉಳಿ ಇಡಲಿಲ್ಲ. ವಾಡಿಗೆ ಹೊರಡಲು ಗಂಟು ಕಟ್ಟಿಕೊಂಡು ಬೇವಿನ ಗಿಡದ ಕೆಳಗೆ ನಿಂತುಬಿಟ್ಟರು. ತಟ್ಟಿನ ಮೇಲೆ ಬರೀ ನಮ್ಮ ಉಳಿಗಳು. ಕಲ್ಲು ತೆಗೆಯುವ ಒಂದು ಉಳಿಯೂ ಅದರಲ್ಲಿಲ್ಲ. ನಾಗೇಂದ್ರಪ್ಪ ದೂರದಲ್ಲಿ ನಿಂತು ನೋಡುತ್ತಿದ್ದ. ಹುಡುಗರು ಹೊರಟರೆ ಟೋಳಿಯೇ ಇಲ್ಲ, ಟೋಳಿ ಇಲ್ಲದಿದ್ದರೆ ಯಾರ ಮನೆಯ ಒಲೆಯೂ ಉರಿಯುವುದಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಬಗ್ಗಿ ಚಾಚಾನ ಉಳಿ ಎತ್ತಿದೆ. ಅವನ ಅಂಗೈಯಲ್ಲಿಟ್ಟೆ.

"ಯಾರ ಕೈ ಇದು?" ಎಂದ.

"ನಾ, ಚಂದ್ರಾಮ."

ಅವನು ಉಳಿಯ ಬಾಯಿಗೆ ಹೆಬ್ಬೆರಳು ಹಚ್ಚಿ ನೋಡಿಕೊಂಡ. "ನೀ ಕೊಟ್ಟಿ, ಛಲೋ ಆತು. ಬ್ಯಾರೆಯವ್ರು ಕೊಟ್ಟಿದ್ರ ಕರುಳಿಗಿ ಹತ್ತತಿತ್ತು. ನಮ್ಮವ್ರ ಕೈಲೆ ಬಂದ್ರ ಅಷ್ಟು ನೋಯಂಗಿಲ್ಲ."

ಉಳಿದ ಮುದುಕರು ತಮ್ಮ ತಮ್ಮ ಉಳಿ ತಾವೇ ತೆಗೆದುಕೊಂಡರು. ಹುಡುಗರು ಬಂದು ತಮ್ಮವನ್ನು ಇಟ್ಟರು. ಚಾಚಾನ ಮನೆಗೆ ಅಂಬಾರಾಯ ಮರುದಿನವೇ ತನ್ನ ಪಾಲಿನಿಂದ ಜೋಳ ಕಳಿಸಿದ. ಚಾಚಾ ತೆಗೆದುಕೊಂಡ, ಆದರೆ ಉಳಿ ಇಡದೆ ತಿನ್ನುವ ರೊಟ್ಟಿ ಗಂಟಲಲ್ಲಿ ಇಳಿಯಲು ಹೊತ್ತು ಹಿಡಿಯುತ್ತದೆ ಎಂದನಂತೆ.

ನನ್ನ ಬಗ್ಗೆ ಚಿಂತೆ ಬೇಡ. ನಾನೂ ಖಣಿ ಬಿಟ್ಟಿದ್ದೇನೆ. ಹೋದ ವರ್ಷದಿಂದ ಮೊಣಕಾಲು ಸಾಕು ಎನ್ನುತ್ತಲೇ ಇತ್ತು. ಮೇಸ್ತ್ರಿಕೆ ಅಂಬಾರಾಯನಿಗೆ ಬಂದಿದೆ, ಮನೆಯವರೆಲ್ಲ ಹಿಗ್ಗುವ ಮಾತು. ಪಂಚಮಿಗೆ ಕರೆಯಲು ಅವನೇ ಬರುತ್ತಾನೆ. ಸೇಡಂನಲ್ಲಿ ರೈಲು ಇಳಿದು ಮುಂದೆ ಮೋಟಾರಿಗೆ ಬರುವನು. ನಿಮ್ಮವ್ವ ಉಂಡಿಗೆ ಶೇಂಗಾ ಹುರಿದಿಟ್ಟಿದ್ದಾಳೆ, ಜೋಕಾಲಿಯ ಹಗ್ಗ ಬಿಸಿಲಿಗೆ ಹಾಕಿದ್ದಾಳೆ. ನಿನ್ನ ಕುಂಕುಮ ಗಟ್ಟಿಯಾಗಿರಲಿ, ಮಕ್ಕಳ ಹೊಟ್ಟೆ ತಣ್ಣಗಿರಲಿ.

ನಿನ್ನ ಅಪ್ಪ
ಚಂದ್ರಾಮಪ್ಪ

ತಾ. ಕ.: ಕಾಗದವನ್ನು ನೀನು ಮನೆಮಂದಿಗೆಲ್ಲ ಓದಿ ಹೇಳುತ್ತೀ ಎಂದು ಗೊತ್ತು. ಇದೊಂದನ್ನು ನೀನೊಬ್ಬಳೇ ಓದು. ಮೊಣಕಾಲಿಗಾಗಿ ನಾನು ಬಿಟ್ಟದ್ದಲ್ಲ. ಆ ಸಂಜೆ ಮುದುಕರ ಉಳಿಗಳೆಲ್ಲ ಹೋದ ಮೇಲೂ ನನ್ನದು ತಟ್ಟಿನ ಮೇಲೆ ಇತ್ತು. ದಂಡೆಯ ಮೇಲೆ ನಿಂತು ಕೂಗಿ ಹೇಳುವುದೂ ಕೆಲಸವೇ ಅಲ್ಲವೇ? ನನ್ನನ್ನು ನಾನು ಮುದುಕರಲ್ಲಿ ಎಣಿಸಿರಲಿಲ್ಲ. ಆಗ ಒಂದು ಕೈ ಬಂತು. ಉಳಿ ಓರೆಯಾಗಿದೆ, ಸರಿಯಾಗಿ ಇಡುತ್ತಾನೆ ಎಂದುಕೊಂಡೆ. "ಅಪ್ಪಾ, ನಿಂದೂ," ಎಂದ ಅಂಬಾರಾಯ. ಹೆಗಲ ಮೇಲಿನ ಟವೆಲ್ಲಿನಲ್ಲಿ ಒರೆಸಿ, ಅದರಲ್ಲೇ ಸುತ್ತಿ ನನ್ನ ಕೈಗೆ ಕೊಟ್ಟ. ಅವನು ಮಾಡಿದ್ದು ಸರಿ, ನನಗೆ ಗೊತ್ತು. ಆದರೆ ಚಾಚಾ ಹೇಳಿದ್ದು ಸುಳ್ಳು, ತಾಯಿ. ನಾಗೇಂದ್ರಪ್ಪ ಕೊಟ್ಟಿದ್ದರೆ ಅವನನ್ನು ಬೈದು ಮನೆಗೆ ಬಂದು ಉಣ್ಣುತ್ತಿದ್ದೆ. ಅವತ್ತಿನಿಂದ ನಾವಿಬ್ಬರೂ ಮಾತಾಡಿಲ್ಲ. ಅವನು ಬಂದಾಗ ಎಂದಿನಂತೆ ಕಾಲಿಗೆ ನೀರು ಕೊಡು, ಮುಖ ತಿರುಗಿಸಬೇಡ. ಹೆಗಲ ಮೇಲೆ ಟವೆಲ್ ಇಲ್ಲದೆ ಬಂದರೆ ಎಲ್ಲಿ ಹೋಯಿತೆಂದು ಕೇಳಬೇಡ. ಅದು ನನ್ನ ತಲೆದಿಂಬಿನ ಕೆಳಗಿದೆ. ನಾನು ಇನ್ನೂ ಬಿಚ್ಚಿಲ್ಲ.